ತಗ್ಗಿನ ಬೀದಿಯ ಮೋರಿ ಸಾಹೇಬ್ರು

ನಮ್ಮ ಪುರಸಭೆಯ ಇಂಜಿನಿಯರನ್ನು ಊರೆಲ್ಲ ಕರೆಯುವುದು ಮೋರಿ ಸಾಹೇಬ್ರು ಎಂದೇ. ಯಾರ ಮದುವೆಗೆ ಹೋದರೂ ಅವರ ಕಣ್ಣು ಗಂಡುಹೆಣ್ಣಿನ ಮೇಲಲ್ಲ, ಕೈ ತೊಳೆದ ನೀರು ಎತ್ತ ಹರಿಯುತ್ತದೆ ಎಂಬುದರ ಮೇಲೆ. ಬಾಟಲಿಯ ನೀರನ್ನು ಅರ್ಧ ಕುಡಿದು, ಉಳಿದದ್ದನ್ನು ಯಾರದೋ ಬಾಗಿಲ ಮುಂದೆ ಸುರಿದು, ಅಂಬೆಗಾಲಿಡುವ ಮೊಮ್ಮಗುವಿನ ಹಿಂದೆ ಅಜ್ಜ ಹೋದ ಹಾಗೆ ಅದರ ಹಿಂದೆ ಹೋಗುತ್ತಾರೆ. "ಈಗಿನ ಮಳೆ ತಿಂಗಳದ್ದನ್ನ ಒಂದೇ ಮಧ್ಯಾಹ್ನ ಸುರಿಯುತ್ತೆ ಸ್ವಾಮಿ, ಹಳೇ ಕಾಲದ ಮೋರಿ ಸಾಲಲ್ಲ" ಎಂದು ಸಭೆಯಲ್ಲಿ ಗೋಗರೆದು, ಅಧ್ಯಕ್ಷರ ಮನೆ ಮುಂದಿನ ಕಟ್ಟೆಯನ್ನೇ ಒಡೆಸಿ ಮೋರಿ ಅಗಲ ಮಾಡಿಸಿದವರು. ಬಾಡಿಗೆ ಮನೆ ಹಿಡಿದದ್ದು ಮಾತ್ರ ಊರಿನ ತೀರ ತಗ್ಗಿನ ಬೀದಿಯಲ್ಲಿ. ಕೇಳಿದರೆ, "ಮೇಲಿನ ಬೀದೀಲಿದ್ರೆ ನಂಗೆ ನಿದ್ದೆ ಬಂದ್ಬಿಡುತ್ತೆ" ಅನ್ನುತ್ತಾರೆ. ಪ್ರತಿ ಮಳೆಗೂ ಒಳಗೆ ನೀರು ನುಗ್ಗುತ್ತಿದ್ದುದರಿಂದ, ಅವರ ಹೆಂಡತಿ ಅಕ್ಕಿ ಡಬ್ಬವನ್ನು ಮಂಚದ ಮೇಲಿಟ್ಟುಕೊಂಡೇ ಸಂಸಾರ ಮಾಡಿದವರು. ಮೊನ್ನೆ ಮಧ್ಯಾಹ್ನ ಆಕಾಶಕ್ಕೆ ತೂತು ಬಿದ್ದ ಹಾಗೆ ಸುರಿಯಿತು; ನೀರು ಹೊಸ್ತಿಲ ತನಕ ಬಂದು, ಅಲ್ಲಿಂದ ಮೋರಿಗಿಳಿದು ಹೋಯಿತು. ಸಾಹೇಬ್ರು ತೊಯ್ದು ತೊಪ್ಪೆಯಾಗಿ ಮನೆಗೆ ಬಂದಾಗ, ಆಕೆ ಡಬ್ಬವನ್ನು ಮಂಚದಿಂದ ಇಳಿಸಿ ನೆಲದ ಮೇಲಿಟ್ಟರು.