ಸುಲೋಚನಮ್ಮನ ಪಾದದಳತೆ

ಹೆಣದ ಗುಂಡಿ ತೋಡುವ ನಂಜಪ್ಪನಂಥ ಹೇಸಿಗೆಯ ಮನುಷ್ಯ ಶನಿವಾರಸಂತೆಯ ಸುತ್ತಮುತ್ತ ಇನ್ನೊಬ್ಬನಿಲ್ಲ. ಮೈಗಳ್ಳ, ಸುಳ್ಳ, ಸತ್ತವರಿಗೂ ಅಳತೆಯಲ್ಲಿ ಮೋಸ ಮಾಡುವವನು. ಎಲೆಯಡಿಕೆ ಉಗಿದು, ಬಾಯಿ ಒರೆಸಿದ ಕೈಯಲ್ಲೇ ಹೆಣ ಮುಟ್ಟುತ್ತಾನೆ. ಗಣಿತದ ಟೀಚರಾಗಿ ನಿವೃತ್ತರಾದ ಸರ್ವಮಂಗಳ ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದುದಕ್ಕೆ ಇದಕ್ಕಿಂತ ದೊಡ್ಡ ಕಾರಣವಿತ್ತು.

ಆ ಊರಿನ ವೀರಶೈವರಲ್ಲಿ ಸತ್ತವರನ್ನು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಗುಂಡಿಗೂ, ಅದರ ಗೋಡೆಯಲ್ಲಿ ಹೆಣ ಕೂರಿಸಲು ಕೊರೆಯುವ ಗೂಡಿಗೂ ಸತ್ತವರ ಪಾದವೇ ಅಳತೆ. ಪಾದದುದ್ದಕ್ಕೆ ಕಡ್ಡಿ ಮುರಿದು, ಆಳ ಅಗಲಗಳನ್ನು ಅದರಲ್ಲಿ ಎಣಿಸಿ ಅಗೆಯಬೇಕು. ಸರ್ವಮಂಗಳರ ಮಾವ ತೀರಿಕೊಂಡಾಗ ನಂಜಪ್ಪ ಕಡ್ಡಿಯನ್ನೇ ಗಿಡ್ಡ ಮಾಡಿದ್ದ. ಕಡ್ಡಿ ಬೆರಳಷ್ಟು ಗಿಡ್ಡವಾದರೂ ಎಷ್ಟೋ ಅಗೆತ ತಪ್ಪುತ್ತದೆ. ಗೂಡು ಸಾಲದೆ, ಎಲ್ಲರೆದುರು ಮಾವನವರ ತಲೆ ಒತ್ತಿ, ಕತ್ತು ಬಗ್ಗಿಸಿ ತುರುಕಿದ್ದರು. ಅದನ್ನು ಕಂಡ ಅತ್ತೆ ಸುಲೋಚನಮ್ಮ ಸೊಸೆಯಿಂದ ಮಾತು ತೆಗೆದುಕೊಂಡಿದ್ದರು: “ನನ್ನ ಹಂಗೆ ತುರುಕಿಸ್ಬೇಡ ಕಣವ್ವ. ನಾನು ತಲೆ ಎತ್ಕೊಂಡು ಕೂರ್ಬೇಕು.”

ಈಗ ಅತ್ತೆಯೂ ತೀರಿಕೊಂಡಿದ್ದರು. ಸಕ್ಕರೆ ಕಾಯಿಲೆಗೆ ಅವರ ಎರಡೂ ಪಾದಗಳ ಮುಂಭಾಗವನ್ನು ಹಿಂದೆಯೇ ಕತ್ತರಿಸಿ ತೆಗೆದಿದ್ದರು. ನಂಜಪ್ಪ ಬಂದವನೇ ಉಳಿದ ಮೋಟುಪಾದಕ್ಕೆ ಕಡ್ಡಿ ಹಿಡಿದ.

“ಇರೋದೇ ಇಷ್ಟು, ನಾನೇನ್ ಮಾಡ್ಲಿ ಟೀಚರಮ್ಮ? ಅಜ್ಜಿ ನಂಗೆ ಕೆಲ್ಸ ಕಮ್ಮಿ ಮಾಡಿಟ್ಟು ಹೋಗೈತೆ,” ಎಂದು ಹಲ್ಲು ಕಿರಿದ.

ಸರ್ವಮಂಗಳ ಅವನ ಕಡ್ಡಿ ಕಿತ್ತೆಸೆದು, ದಾರ ತಂದು, ಅತ್ತೆಯ ಮೊಣಕೈ ಮಡಿಕೆಯಿಂದ ಮಣಿಕಟ್ಟಿನವರೆಗೆ ಅಳೆದು ಗಂಟು ಹಾಕಿದರು.

“ಮನುಷ್ಯನ ಪಾದ ಹೆಚ್ಚುಕಮ್ಮಿ ಇಷ್ಟೇ ಉದ್ದ ಇರುತ್ತೆ. ಇದೇ ಅಳತೆಗೆ ಅಗೆ.”

“ಕೈ ಅಳ್ದು ಕಾಲು ಅಂತೀರಲ್ಲ! ಮಕ್ಳಿಗೂ ಹಿಂಗೇ ಪಾಠ ಹೇಳ್ತಿದ್ರಾ?” ದಾರವನ್ನು ಕಿವಿಗೆ ಸುತ್ತಿಕೊಂಡು, ಬಾಗಿಲಲ್ಲೇ ಪಿಚಕ್ಕನೆ ಉಗಿದು ಹೋದ.

ದಾರಿಯಲ್ಲೇ ಅದನ್ನು ಎಸೆಯುತ್ತಾನೆ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಹೆಣ ಎತ್ತುವ ಮೊದಲೇ, ನೆಂಟರು ಬೇಡವೆಂದರೂ, ಟೇಪು ಹಿಡಿದು ತೋಟದ ಮೂಲೆಗೆ ಹೊರಟರು. ಬೈಯಬೇಕಾದ ಮಾತುಗಳನ್ನು ಕಾಫಿ ಗಿಡಗಳ ನಡುವೆ ಜೋಡಿಸಿಕೊಳ್ಳುತ್ತಲೇ ನಡೆದರು.

ಗುಂಡಿಯಲ್ಲಿ ಯಾರೂ ಕಾಣಲಿಲ್ಲ. ಬಗ್ಗಿ ನೋಡಿದರೆ, ನಂಜಪ್ಪ ಗೂಡಿನೊಳಗೆ ಹೆಣ ಕೂರುವಂತೆಯೇ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಬೆನ್ನು ನೆಟ್ಟಗಿತ್ತು. ದಾರ ಹೆಬ್ಬೆರಳಿಗೆ ಸುತ್ತಿತ್ತು. ನೆತ್ತಿಯ ಮೇಲೆ ಅಂಗೈ ಇಟ್ಟು, ಕೈಗೆ ಮೇಲಿನ ಮಣ್ಣು ತಾಗುತ್ತದೆಯೇ ಎಂದು ನೋಡುತ್ತಿದ್ದ. ತಾಗಿತು.

ಅವರನ್ನು ಕಂಡವನೇ, “ಸುಸ್ತಾಯ್ತು, ಕೂತ್ಕೊಂಡೆ. ಅದ್ಕೂ ಲೆಕ್ಕ ಕೊಡ್ಬೇಕಾ?” ಎಂದು ಸಿಡುಕಿದ. ಉಗಿಯಲು ಬಾಯಿ ತೆರೆದವನು ಗೂಡಿನ ಸುತ್ತ ಕಣ್ಣಾಡಿಸಿ, ಬಾಯಲ್ಲಿದ್ದದ್ದನ್ನು ನುಂಗಿದ. ಆಮೇಲೆ ಗುದ್ದಲಿ ಎತ್ತಿಕೊಂಡು ನೆತ್ತಿಯ ಮೇಲಿನ ಮಣ್ಣನ್ನು ಇನ್ನೊಂದು ಗೇಣು ಕೆರೆಯತೊಡಗಿದ.