ಕತ್ತೆ ತಿಂದ ಹನ್ನೊಂದು ಹೋಳಿಗೆ

ಬರೆದಿಡುವ ಚಟ ನನಗೆ ಎಷ್ಟಿದೆಯೆಂದರೆ, ತರಕಾರಿಯ ಪಟ್ಟಿ ಮನೆಯಲ್ಲೇ ಉಳಿದುಹೋಗಬಾರದೆಂದು ‘ಪಟ್ಟಿ ತೆಗೆದುಕೊಳ್ಳುವುದು’ ಎಂಬ ಇನ್ನೊಂದು ಚೀಟಿ ಬರೆದು ಬಾಗಿಲಿಗೆ ಅಂಟಿಸಿದವನು ನಾನು. ಕೊನೆಗೆ ಎರಡನ್ನೂ ಬಿಟ್ಟು ಅಂಗಡಿಗೆ ಹೋದೆ. ಆಲೂಗಡ್ಡೆಯೊಂದನ್ನು ಬಿಟ್ಟರೆ ಏನೂ ನೆನಪಾಗಲಿಲ್ಲ. “ನಿಮ್ಮ ತಲೆ ಇರೋದು ಜೇಬಲ್ಲಿ ರೀ” ಎಂದು ಹೆಂಡತಿ ವಿದ್ಯಾ ಹೇಳುವುದು ಸುಳ್ಳಲ್ಲ. ಸ್ವೀಡನ್ನಿನ ನಾರ್‌ಶೋಪಿಂಗ್ ಎಂಬ ಊರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನ ಕೆಲಸವೇ ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಬರೆದಿಡುವುದು. ಅದನ್ನು ಯಾರೂ ಓದುವುದಿಲ್ಲ. ತೊಂದರೆಯಾದರೆ ನೇರವಾಗಿ ನನ್ನ ಮೇಜಿನ ಹತ್ತಿರ ಬಂದು ಕೇಳುತ್ತಾರೆ.

ಇಂಥ ನಾನು ಒಂದು ಚಳಿಗಾಲ ಇಲ್ಲಿನ ಲೈಬ್ರರಿಯ ಅಧ್ಯಯನ ಕೂಟಕ್ಕೆ ಸೇರಿಕೊಂಡೆ. ಬೇಗ ಕತ್ತಲಾಗುವ ದೇಶವಾದ್ದರಿಂದ ಸ್ವೀಡನ್ನಿನ ಜನ ಹೀಗೆ ಏಳೆಂಟು ಮಂದಿ ಸೇರಿ ಏನಾದರೊಂದನ್ನು ಕಲಿಯುತ್ತಾರೆ: ಹೆಣಿಗೆ, ಅಣಬೆ ಗುರುತಿಸುವುದು, ಗ್ರೀಕ್ ತತ್ತ್ವಶಾಸ್ತ್ರ. ಫೀಕಾ ಎಂದು ಇವರು ಕರೆಯುವ ಕಾಫಿ ವಿರಾಮದಲ್ಲಿ ದಾಲ್ಚಿನ್ನಿ ಬನ್ನು ಕೊಡುತ್ತಾರೆಂದೇ ನಾನು ತತ್ತ್ವಶಾಸ್ತ್ರಕ್ಕೆ ಹೋದದ್ದು. ಕೂಟ ನಡೆಸುತ್ತಿದ್ದವರು ಬಿರ್ಗಿತ್ತಾ ಎಂಬ ನಿವೃತ್ತ ಟೀಚರು. ಒಂದು ಸಂಜೆ ಅವರು ಹೇಳಿದ್ದು ಇದು: ಪ್ರಾಚೀನ ಗ್ರೀಸಿನ ಒಬ್ಬ ಗುರು, ಜೀವಮಾನವಿಡೀ ಪೇಟೆಬೀದಿಯಲ್ಲಿ ನಿಂತು ಮಾತಾಡಿದವನು, ಒಂದಕ್ಷರವನ್ನೂ ಬರೆಯಲಿಲ್ಲವಂತೆ. ಬರಹವನ್ನು ನೆಚ್ಚಿದರೆ ನೆನಪು ಸೊರಗುತ್ತದೆ. ಬರಹವೆಂಬುದು ಗೋಡೆಯ ಚಿತ್ರದ ಹಾಗೆ, ನೋಡಲು ಜೀವವಿದ್ದಂತಿರುತ್ತದೆ, ಪ್ರಶ್ನೆ ಕೇಳಿದರೆ ಗಪ್‌ಚಿಪ್. ಎದುರಿಗಿರುವುದು ಮಗುವೋ ಮುದುಕನೋ ಅದಕ್ಕೆ ತಿಳಿಯದು, ಎಲ್ಲರಿಗೂ ಅದೇ ಮಾತು. ಇದು ಆತನ ದೂರು.

ಇದಿಷ್ಟನ್ನೂ ನಾನು ಒಂದೂ ಬಿಡದೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಬಿರ್ಗಿತ್ತಾ ನನ್ನ ಪೆನ್ನನ್ನೇ ನೋಡುತ್ತ ನಗತೊಡಗಿದಾಗ ನಾಚಿಕೆಯಾಯಿತು. ಆದರೆ ನನ್ನ ಕಡೆಯವನೂ ಒಬ್ಬನಿದ್ದ. ಆ ಗುರುವಿನ ಶಿಷ್ಯ ಈ ದೂರನ್ನೂ ಸೇರಿಸಿ ಎಲ್ಲವನ್ನೂ ಬರೆದಿಟ್ಟನಲ್ಲ! ಅವನು ಬರೆಯದಿದ್ದರೆ ಎರಡು ಸಾವಿರ ಚಿಲ್ಲರೆ ವರ್ಷಗಳಾದ ಮೇಲೆ ಬನ್ನು ಮೆಲ್ಲುತ್ತ ನಾನು ಯಾರ ಬೈಗುಳ ಕೇಳಬೇಕಿತ್ತು? ಶಿಷ್ಯನಿಗೆ ಜೈ ಎಂದುಕೊಂಡು ಮನೆಗೆ ಬಂದೆ.

ಬಂದವನೇ ಒಂದು ಎಡವಟ್ಟು ಮಾಡಿದೆ. ಮೈಸೂರಿನಲ್ಲಿ ತಮ್ಮನ ಮನೆಯಲ್ಲಿರುವ ನಮ್ಮಮ್ಮ, ಏಳು ವರ್ಷದ ನನ್ನ ಮಗಳು ಅನಘಾಳಿಗೆ ಪ್ರತಿ ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಕತೆ ಹೇಳುತ್ತಿದ್ದಳು. ಕರೆಯದ ಮದುವೆಗೆ ಹೋದ ಕತ್ತೆಯ ಕತೆ, ಅಮ್ಮನದೇ ಸ್ವಂತದ್ದು. ವಾರವಾರವೂ ಅದೇ ಕತ್ತೆ. ಆದರೆ ಅನಘಾಳಿಗೆ ನೆಗಡಿಯಾದ ವಾರ ಅದು ಮದುವೆಮನೆಯಲ್ಲಿ ಕಷಾಯ ಕುಡಿಯುತ್ತಿತ್ತು. ಅವಳ ಹಲ್ಲು ಬಿದ್ದ ವಾರ ಚಿರೋಟಿ ಕಚ್ಚಿ ಅದರ ಹಲ್ಲೂ ಬಿದ್ದಿತ್ತು. ಶಾಲೆಯಲ್ಲಿ ಏನಾಯಿತೆಂದು ನಾವು ಕೇಳಿದರೆ ‘ಬ್ರಾ’, ಚೆನ್ನಾಗಿತ್ತು, ಎಂಬ ಒಂದೇ ಸ್ವೀಡಿಷ್ ಮಾತು ಎಸೆದು ಓಡುವ ಹುಡುಗಿ, ಕತ್ತೆಯ ನೆಪದಲ್ಲಿ ಅಜ್ಜಿಗೆ ಎಲ್ಲವನ್ನೂ ಒಪ್ಪಿಸುತ್ತಿದ್ದಳು. ಇಂಥ ಕತೆ ಕಳೆದುಹೋಗಬಾರದೆಂದು ನಾನು ಅದನ್ನು ಕನ್ನಡ ಲಿಪಿ ಬಾರದ ಅವಳು ಓದುವಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಪ್ರಿಂಟ್ ಹಾಕಿ, ಪುಸ್ತಕ ಮಾಡಿ ಕೊಟ್ಟೆ. ಕತ್ತೆ ಎಷ್ಟು ಹೋಳಿಗೆ ತಿಂದಿತೆಂಬ ಲೆಕ್ಕ ಅಮ್ಮನ ಬಾಯಲ್ಲಿ ಬದಲಾಗುತ್ತಲೇ ಇತ್ತು; ನಾನು ಹನ್ನೊಂದಕ್ಕೆ ಖಾಯಂ ಮಾಡಿದೆ.

ಮುಂದಿನ ಭಾನುವಾರ ಅಮ್ಮ “ಕತ್ತೆ ಆರು ಹೋಳಿಗೆ ತಿಂತು” ಎನ್ನುತ್ತಿದ್ದಂತೆ ಅನಘಾ ಪುಟ ತಿರುವಿ, “ನೇಯ್, ಅಲ್ಲ ಅಜ್ಜಿ! ತಪ್ಪು! ಹನ್ನೊಂದು. ಅಪ್ಪ ಬರ್ದಿದಾರೆ” ಎಂದಳು. ಸ್ಪೀಕರಿನಲ್ಲಿ ಅಮ್ಮನ ದನಿ ಕೇಳಿತು. “ಹೌದೇನೇ ಪುಟ್ಟಿ? ಹಂಗಾದ್ರೆ ಅದನ್ನೇ ಓದ್ಕೊ. ಇನ್ನು ನಾನ್ಯಾಕೆ?” ಎಂದು ಅಮ್ಮ ಫೋನನ್ನು ತಮ್ಮನಿಗೆ ಕೊಟ್ಟುಬಿಟ್ಟಳು.

ಆಮೇಲಿನ ಮೂರು ಭಾನುವಾರ ಊಟ ಆಯ್ತಾ, ಚಳಿ ಹೇಗಿದೆ, ಅಷ್ಟೇ. ಅದೇ ದಿನಗಳಲ್ಲಿ ನಾವು ಮನೆ ಬದಲಿಸಿ ಅನಘಾ ಹೊಸ ಶಾಲೆಗೆ ಸೇರಿದ್ದಳು. ಸಪ್ಪೆ ಮುಖ ಹೊತ್ತು ಬಂದು ‘ಬ್ರಾ’ ಎನ್ನುತ್ತಿದ್ದಳು. ನಮಗೋ ಸಂಕಟ, ಕೇಳೋಣವೆಂದರೆ ಕತ್ತೆಯೂ ಇಲ್ಲ. ಆ ಗ್ರೀಕ್ ಮುದುಕ ಹೇಳಿದ್ದು ನಿಜವಾಯಿತಲ್ಲ ಎಂದು ಅವನ ಮೇಲೆ ಸಿಟ್ಟೇ ಬಂತು.

ನಾಲ್ಕನೆಯ ಭಾನುವಾರ ಕಾಲಿಂಗ್ ಕಾರ್ಡಿನ ಗುಟ್ಟಿನ ನಂಬರು ಗೀಚಿ ತೆಗೆದು ಊರಿಗೆ ಫೋನು ಮಾಡಿ, “ಬರ್ದು ಕೆಡಿಸ್ಬಿಟ್ಟೆ ಕಣಮ್ಮ” ಎಂದು ತಪ್ಪೊಪ್ಪಿಕೊಂಡೆ.

“ಬರೆಯೋದೇನು ತಪ್ಪಲ್ಲ ಬಿಡೋ. ಅವಳ ಕೈಲಿ ಓದ್ಸು, ಕೇಳ್ತೀನಿ” ಎಂದಳು ಅಮ್ಮ.

ಅನಘಾ ಗಂಟಲು ಸರಿಮಾಡಿಕೊಂಡು ಓದತೊಡಗಿದಳು. ಕತ್ತೆ ಊಟಕ್ಕೆ ಕೂತಿತು ಎಂಬಲ್ಲಿಗೆ ಬಂದಾಗ ಅಮ್ಮ ತಡೆದಳು. “ಯಾರ ಪಕ್ಕ ಕೂತ್ಕೊಂಡಿತ್ತೇ?”

ಅನಘಾ ಆ ಪುಟ ನೋಡಿದಳು, ಹಿಂದಿನ ಪುಟ ನೋಡಿದಳು. ಹೋಳಿಗೆ ಹನ್ನೊಂದೂ ಇದ್ದವು, ಪಕ್ಕದಲ್ಲಿ ಯಾರೂ ಇರಲಿಲ್ಲ. ನನ್ನ ಮುಖ ನೋಡಿದಳು. ಪುಸ್ತಕವನ್ನು ಸೋಫಾದ ಮೇಲಿಟ್ಟು ಮೆಲ್ಲಗೆ ಹೇಳಿದಳು: “ಯಾರೂ ಇಲ್ಲ ಅಜ್ಜಿ. ಸ್ಕೂಲಲ್ಲಿ ಊಟಕ್ಕೆ ದಿನಾ ಒಂದೇ ಕೂತ್ಕೊಳ್ಳತ್ತೆ.”

ವಿದ್ಯಾ ನನ್ನ ಕೈ ಹಿಡಿದುಕೊಂಡಳು. ಅಮ್ಮ ಮಾತ್ರ ಎಂದಿನ ದನಿಯಲ್ಲೇ, “ಅಯ್ಯೋ, ಎದುರು ಸಾಲಲ್ಲಿ ಇನ್ನೊಂದು ಕತ್ತೆನೂ ಒಂದೇ ಕೂತಿತ್ತಲ್ಲೇ, ನೋಡ್ಲಿಲ್ವಾ?” ಎಂದಳು.

ಅನಘಾ ಯೋಚಿಸಿದಳು. “ಹೂಂ, ಇದೆ ಅಜ್ಜಿ! ಲೀಸಾ ಅಂತ. ಕನ್ನಡಕ ಹಾಕ್ಕೊಳ್ಳತ್ತೆ.” ಆಮೇಲೆ ನನ್ನತ್ತ ಬೆರಳು ತೋರಿಸಿ, “ಆದ್ರೆ ಅಪ್ಪ ಅದನ್ನ ಬರ್ದೇ ಇಲ್ಲ!” ಎಂದು ದೂರಿದಳು.

“ಅವನಿಗೇನು ಗೊತ್ತು ಬಿಡು” ಎಂದಳು ಅಮ್ಮ. “ನೀನು ಹೇಳು.”