ಒಂಟಿ ಹೆಂಗಸರ ಜೋಡಿ

ಅಕ್ಕನ ಹಿಮ್ಮಡಿಯ ಬಿರುಕುಗಳಲ್ಲಿ ಸಿಮೆಂಟು ಕೂತಿತ್ತು. ಎಷ್ಟು ತಿಕ್ಕಿದರೂ ಹೋಗದ ಬೂದುಬಣ್ಣ. ಆ ಕಾಲುಗಳು ಒಂದು ಕಡೆ ನಿಂತದ್ದನ್ನು ನಾನು ಕಂಡಿಲ್ಲ. ಚಹಾ ಕುಡಿಯುವಾಗಲೂ ಕಾದ ಬಂಡೆಯ ಮೇಲಿದ್ದವಳಂತೆ ಕಾಲು ಬದಲಿಸುತ್ತಿದ್ದಳು. ‘ಕೂಡ್ರು ಅಕ್ಕಾ’ ಅಂದರೆ ‘ಕೂತ್ರ ಮುಕಾದಮ ಗೆಲ್ತಾನ’ ಅನ್ನುತ್ತಿದ್ದಳು. ಅವಳ ಜೊತೆ ನಡೆಯುವುದೆಂದರೆ ಓಡುವುದೇ. ನನಗೆ ಸಿಟ್ಟು ಬರುತ್ತಿತ್ತು.

ಪುಣೆಯ ಕಾತ್ರಜದಲ್ಲಿ ಬೆಳಿಗ್ಗೆ ಕೂಲಿಯವರು ನಿಲ್ಲುವ ನಾಕಾ ಇದೆ. ಕಲಬುರ್ಗಿ, ವಿಜಯಪುರದ ಕಡೆಯಿಂದ ಬಂದ ನಾವೆಲ್ಲ ಅಲ್ಲೇ ನಿಲ್ಲುತ್ತೇವೆ. ಕಟ್ಟಡದ ಕೆಲಸಕ್ಕೆ ಆಳು ಒಯ್ಯುವ ಮುಕಾದಮರು ಆರಿಸುವುದು ಜೋಡಿಯನ್ನು: ಗಂಡ ಸಲಿಕೆ ಹಿಡಿಯಬೇಕು, ಹೆಂಡತಿ ಬುಟ್ಟಿ ಹೊರಬೇಕು. ಇರಲು ತಗಡಿನ ಖೋಲಿ ಸಿಗುವುದೂ ಜೋಡಿಗೇ. ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಆಕೆಯೂ ಗಂಡನ ಜೊತೆ ಹಾಗೇ ಬಂದವಳು. ಗಂಡ ಬಿಟ್ಟುಹೋದ ಮೇಲೆ ಒಂಟಿ ಹೆಂಗಸರ ಪರವಾಗಿ ಜಗಳಾಡುವುದನ್ನೇ ಕಸುಬು ಮಾಡಿಕೊಂಡಿದ್ದಳು.

ನನ್ನ ಗಂಡ ಜ್ವರದಲ್ಲಿ ತೀರಿಕೊಂಡ. ಊರಲ್ಲಿ ಮಣ್ಣು ಮಾಡಿ, ಮಗಳನ್ನು ಕರೆದುಕೊಂಡು ಮರಳಿ ಬಂದರೆ ನಮ್ಮ ಗಂಟುಮೂಟೆ ಖೋಲಿಯ ಹೊರಗಿತ್ತು. ಬಾಗಿಲಿಗೆ ಬೀಗ. ಅತ್ತೆಮನೆಯವರೂ ಇಟ್ಟುಕೊಳ್ಳಲೊಲ್ಲೆವು ಅಂದಿದ್ದರು. ಎಲ್ಲಿಗೆ ಹೋಗಬೇಕಿತ್ತು ನಾನು?

ಅಕ್ಕ ನಾಕಾದಲ್ಲಿ ನನ್ನ ಪಕ್ಕ ಬಂದು ನಿಂತಳು. ‘ಈಕಿ ಜೋಡಿ ನಾನಽ.’

ಮುಕಾದಮ ನಕ್ಕ. ‘ಜೋಡಿ ಅಂದ್ರ ಗಂಡ-ಹೆಂಡ್ತಿ, ಅವ್ವಾ.’

‘ನಿನಗ ಜೋಡಿ ಬೇಕಾಗಿದ್ದು ಕೆಲಸಕ್ಕೋ, ಲಗ್ನಕ್ಕೋ?’

ಸುತ್ತ ನಿಂತವರೆಲ್ಲ ನಕ್ಕುಬಿಟ್ಟರು. ಆ ನಗುವಿಗೆ ಅವನು ಸೋತ. ಸಂಜೆಯವರೆಗೆ ಅಕ್ಕ ಸಲಿಕೆ ಹಿಡಿದಳು. ಮಣ್ಣಿಗಾಗಿ ನನ್ನ ಬುಟ್ಟಿ ಒಮ್ಮೆಯೂ ಕಾಯಲಿಲ್ಲ. ಖೋಲಿಯ ಬೀಗದ ಕೈ ಕೊಡುವಾಗ ಮುಕಾದಮ ಅಭ್ಯಾಸಬಲದಿಂದ ಯಾವನಾದರೂ ಗಂಡಸಿಗಾಗಿ ಆಚೀಚೆ ನೋಡಿದ. ಆಮೇಲೆ ನನ್ನ ಕೈಗೇ ಹಾಕಿದ. ನನಗೆ ಅಳು ಉಕ್ಕಿ ಬಂತು. ‘ಅಳೂದು ಆಮ್ಯಾಲೆ, ಮೊದಲ ಬಾಗಲಾ ತಗಿ’ ಅಂದಳು ಅಕ್ಕ.

ಇನ್ನೊಬ್ಬ ಒಂಟಿ ಹೆಂಗಸು ಸಿಗುವತನಕ ನನ್ನ ಜೋಡಿಯಾಗಿದ್ದಳು. ಸಿಕ್ಕ ದಿನವೇ ಸಲಿಕೆಯನ್ನು ಆಕೆಯ ಕೈಗಿತ್ತು, ಮತ್ತ್ಯಾರಿಗೋ ಜೋಡಿಯಾಗಲು ಹೊರಟೇಬಿಟ್ಟಳು. ಹೀಗೆ ಎಷ್ಟು ಜನರ ಪಕ್ಕ ನಿಂತಳೋ! ನನಗಂತೂ ಅವರ ಮೇಲೆಲ್ಲ ಹೊಟ್ಟೆಕಿಚ್ಚು.

ಕಳೆದ ಚಳಿಗಾಲದಲ್ಲಿ ಅಕ್ಕ ಎದೆನೋವೆಂದು ಆಸ್ಪತ್ರೆ ಸೇರಿದಳು. ಹೊದಿಕೆಯೊಳಗೂ ಕಾಲು ಆಡುತ್ತಲೇ ಇದ್ದವು. ಒಂದು ದಿನ ಬೆಳಿಗ್ಗೆ ನೋಡಲು ಹೋದರೆ ನನ್ನ ಮೇಲೇ ರೇಗಿದಳು. ‘ನೀ ಇಲ್ಲ್ಯಾಕ ಬಂದಿ? ಅಲ್ಲೆ ನಾಕಾದಾಗ ಯಾರರೆ ಒಬ್ಬಾಕಿ ನಿಂತಿರ್ತಾಳ, ಹೋಗು.’ ನನಗೂ ಸಿಟ್ಟು ನೆತ್ತಿಗೇರಿತು. ದಡದಡ ಹೊರಗೆ ಬಂದು ರಿಕ್ಷಾ ಹತ್ತಿ ನಾಕಾಕ್ಕೆ ಹೋದೆ.

ನಿಜಕ್ಕೂ ಒಬ್ಬಳು ನಿಂತಿದ್ದಳು, ಕಂಕುಳಲ್ಲಿ ಕೂಸು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಅಕ್ಕ ಹೋಗಿಬಿಟ್ಟಿದ್ದಳು. ನಾನು ಬಂದ ದಾರಿಗೇ ತಿರುಗಿದೆ. ಬೆನ್ನ ಹಿಂದೆ ಮುಕಾದಮ ಆ ಹುಡುಗಿಯನ್ನು ಕೇಳುತ್ತಿದ್ದ, ‘ನಿನ್ನ ಜೋಡಿ ಎಲ್ಲೆ ಅದಾನ?’

ಕಾಲು ಮುಂದೆ ಹೋಗಲಿಲ್ಲ. ಮರಳಿ ಬಂದು ಅವಳ ಪಕ್ಕ ನಿಂತೆ.

‘ಇಲ್ಲೇ ಅದೀನಿ’ ಅಂದೆ.